ಪೈಪು ಹಿಡಿದವಳು, ಹುಳು ಬಿಟ್ಟವಳು

ಮನೆಯ ಹಿಂದಿನ ಗಾಜಿನ ಮನೆಯಲ್ಲಿ ಅತ್ತಿಗೆ ನಾದಿನಿ ಸೇರಿ ದೊಣ್ಣೆ ಮೆಣಸಿನಕಾಯಿ ಬೆಳೆಯುತ್ತಿದ್ದರು. ಆ ವರ್ಷ ಎಲೆಗಳ ಅಡಿಯಲ್ಲೆಲ್ಲ ಗಿಡದ ರಸ ಹೀರುವ ಹಸಿರು ಹೇನು ಮುತ್ತಿಕೊಂಡಿತು. ವಿಷ ಹೊಡೆಯುವ ಮಾತೇ ಇಲ್ಲ; ಅತ್ತೆ ಅಡ್ಡಾಡುತ್ತ ಬಂದು, ಕಾಯಿ ಕಿತ್ತು, ಅಲ್ಲೇ ಕರುಂಕುರುಂ ಎಂದು ತಿನ್ನುವವರು. ಬೇಡವೆಂದರೆ ಕೇಳುವ ಪೈಕಿಯಲ್ಲ.

ನಾದಿನಿಗೆ ನೀರಿನ ಪೈಪಿನ ಮೇಲೆ ಭಾರೀ ನಂಬಿಕೆ. ಎಲೆಗಳ ಅಡಿಗೆ ರಭಸವಾಗಿ ನೀರು ಹಾಯಿಸಿ ಹೇನು ಉದುರಿಸುತ್ತಿದ್ದಳು. ಆದರೆ ಉಳಿದ ನಾಲ್ಕಾರು ಹೇನುಗಳೇ ಕಣ್ಣುಮುಚ್ಚಿ ತೆರೆಯುವುದರೊಳಗೆ ಸಂಸಾರ ಬೆಳೆಸುತ್ತಿದ್ದವು. ಅತ್ತಿಗೆ ಯಾರಿಗೂ ಹೇಳದೆ, ಹೇನು ತಿನ್ನುವ ಗುಲಗಂಜಿ ಹುಳುಗಳ ಡಬ್ಬಿ ತರಿಸಿದಳು. ಕೆಂಪು ಬೆನ್ನು, ಕಪ್ಪು ಚುಕ್ಕೆ. ನಾದಿನಿ ನೋಡಿ ಬೆರಗಾಗಲಿ ಎಂದು ಬೆಳಿಗ್ಗೆಯೇ ಗಿಡಗಳ ಮೇಲೆ ಬಿಟ್ಟು, ಚಹಾ ಕಾಯಿಸಲು ಒಳಗೆ ಹೋದಳು.

ಲೋಟ ಹಿಡಿದು ಹೊರಬಂದು ನೋಡಿದರೆ, ನಾದಿನಿ ಹಾಡು ಗುನುಗುತ್ತ ಪೈಪು ಹಿಡಿದಿದ್ದಾಳೆ! ಅರ್ಧ ಹುಳು ಮೋರಿಯ ಪಾಲು, ಉಳಿದರ್ಧ ತೆರೆದ ಕಿಟಕಿಯಿಂದ ಪರಾರಿ.

"ಅಯ್ಯೋ, ನಿಲ್ಸೇ! ನನ್ನ ಹುಳ!"

"ಹುಳ ಓಡಿಸೋಕೆ ತಾನೇ ಅತ್ತಿಗೆ, ನಾನು ಒದ್ದೆಯಾಗ್ತಿರೋದು?"

"ಇವು ನಮ್ಮ ಕಡೆಯವು ಕಣೇ!"

"ಹೇಳಿದ್ರಲ್ವಾ ಗೊತ್ತಾಗೋದು? ಹುಳದ ಹಣೇಲಿ ಬರ್ದಿರುತ್ತಾ?"

ಅತ್ತಿಗೆ ಮುಖ ಊದಿಸಿಕೊಂಡಳು. ಊಟದ ಹೊತ್ತಿಗೂ ಇಬ್ಬರ ಮಾತುಕತೆ ಅತ್ತೆಯ ಮೂಲಕವೇ ನಡೆಯಿತು.

"ಉಪ್ಪು ಈ ಕಡೆ ಕೊಡ್ಬೇಕಂತೆ" ಎಂದ ಅತ್ತೆ, ಮರುಕ್ಷಣವೇ ರೇಗಿದರು. "ನಾನೇನು ನಿಮ್ಮ ಮನೆ ಟಪಾಲಿನವಳಾ?"

ಸಂಜೆ, ಮನಸ್ಸು ತಡೆಯದೆ ಅತ್ತಿಗೆ ಗಾಜಿನ ಮನೆಗೆ ಹೋದಳು. ತೊಳೆದ ಎಲೆಯೊಂದರ ಅಡಿಯಲ್ಲಿ, ಹೇಗೋ ಬದುಕಿಕೊಂಡ ಒಂದು ಗುಲಗಂಜಿ ಹುಳು ಅಳಿದುಳಿದ ಹೇನುಗಳನ್ನು ಹುಡುಕಿ ಹುಡುಕಿ ನುಂಗುತ್ತಿತ್ತು. ಎಲೆ ಕನ್ನಡಿಯಂತಾಗಿತ್ತು. ಎರಡೂ ಬೇಕಿತ್ತು, ಮೊದಲು ನೀರು, ಆಮೇಲೆ ಹುಳು. ತಾನು ಗುಟ್ಟು ಮಾಡಿದ್ದೇ ಎಡವಟ್ಟು! ಅವಳಿಗೆ ನಗು ತಡೆಯಲಾಗಲಿಲ್ಲ.

"ಬಾರೇ ಇಲ್ಲಿ, ನಿನ್ನ ಪೈಪೂ ಕೆಲಸಕ್ಕೆ ಬಂತು ಕಣೇ!"

ಇಬ್ಬರೂ ಸೇರಿ ಕಿಟಕಿಗಳಿಗೆ ಸಣ್ಣ ಕಣ್ಣಿನ ಬಲೆ ಹೊಡೆದರು. ಹೊಸ ಡಬ್ಬಿ ಬಂದ ದಿನ ನಾದಿನಿ ಗಿಡಗಳನ್ನೆಲ್ಲ ತೊಳೆದಳು. ಇಳಿಹೊತ್ತಿನಲ್ಲಿ ಎಲೆ ಇನ್ನೂ ತೇವವಿರುವಾಗಲೇ ಅತ್ತಿಗೆ ಹುಳು ಬಿಟ್ಟಳು. ಅಲ್ಲಿಂದಾಚೆ ಪೈಪು ಗೂಟಕ್ಕೆ ಸುತ್ತಿಕೊಂಡು ವಿಶ್ರಾಂತಿ ಪಡೆಯಿತು. ಮೂಲೆಯ ಕೆಲವು ಗಿಡ ಕೈಕೊಟ್ಟವು, ಉಳಿದವು ಚಿಗುರಿದವು.

ಒಂದು ಬೆಳಿಗ್ಗೆ ನಾದಿನಿಯ ಕೂಗು: "ಅತ್ತಿಗೆ, ಓಡಿ ಬನ್ನಿ! ನಮ್ಮವು ಮೊಟ್ಟೆ ಇಟ್ಟಿವೆ!"

ಅತ್ತಿಗೆ ಹಿಟ್ಟಿನ ಕೈಯಲ್ಲೇ ಓಡಿದಳು.