ಗೊಂಬೆ ಹೇಳಿಕೊಟ್ಟ ಉತ್ತರ

ಹೊಲಿಗೆಯವಳ ಮಗಳು ಬರೆದ ಪದವಿ ಪರೀಕ್ಷೆಯನ್ನು ಕಾಲೇಜು ರದ್ದು ಮಾಡಿತು.

ಅದು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಬರೆದ ಪರೀಕ್ಷೆ. ಕಾವಲಿಗೆ ಮನುಷ್ಯರಿರಲಿಲ್ಲ, ಕ್ಯಾಮೆರಾ ಇತ್ತು, ಅದು ಕಂಡದ್ದನ್ನು ಅಳೆಯುವ ಸಾಫ್ಟ್‌ವೇರ್ ಇತ್ತು. 'ಕೋಣೆಯಲ್ಲಿ ಎರಡನೇ ವ್ಯಕ್ತಿ' ಎಂದು ಅದು ವರದಿ ಕೊಟ್ಟಿತು. ಕಾಲೇಜು ನಂಬಿತು.

ಆ ಎರಡನೇ ವ್ಯಕ್ತಿ, ಹೊಲಿದ ಬಟ್ಟೆ ತೊಡಿಸಿ ನಿಲ್ಲಿಸುವ, ಕಣ್ಣು ಮೂಗು ಬರೆದ ಗೊಂಬೆ! ತಾಯಿ ಮಗಳಿಗೆ ಮನೆಯೂ ಅಂಗಡಿಯೂ ಒಂದೇ ಕೋಣೆ. ಅಂದು ತಾಯಿ ಯಂತ್ರ ನಿಲ್ಲಿಸಿ, ಗಿರಾಕಿಗಳನ್ನು ವಾಪಸು ಕಳಿಸಿ, ಬಾಗಿಲಾಚೆ ಕಾವಲು ಕೂತಿದ್ದಳು. ಗೊಂಬೆಯ ಮೇಲಿದ್ದ ಹೊಸ ಕೋಟಿಗೆ ಬೀದಿಯ ಧೂಳು ಹತ್ತೀತೆಂದು ಅದೊಂದನ್ನು ಒಳಗೇ ಬಿಟ್ಟಿದ್ದಳು.

"ತಪ್ಪಾಯ್ತು ಅಂತ ಬರೆದುಕೊಟ್ರೆ ಮತ್ತೆ ಪರೀಕ್ಷೆಗೆ ಕೂರಿಸ್ತಾರಂತೆ. ಬರೆದು ಬಿಸಾಕು ಮಗಳೇ. ದೊಡ್ಡವರ ಹತ್ರ ನಮ್ಮದೇನು ನಡೆಯುತ್ತೆ?" ಎಂದಳು ತಾಯಿ.

ವಿದ್ಯಾರ್ಥಿ ಸಂಘದಲ್ಲಿದ್ದ ಮಗಳ ಗೆಳತಿ ಅಲ್ಲೇ ಇದ್ದಳು. "ಅಲ್ಲ ಚಿಕ್ಕಮ್ಮ, ಈ ಗೊಂಬೆ ಯಾವ ಪ್ರಶ್ನೆಗೆ ಉತ್ತರ ಹೇಳಿಕೊಡ್ತಂತೆ?"

"ನಿನಗೆ ತಮಾಷೆ. ಇವಳ ವರ್ಷ ಹಾಳಾದ್ರೆ?"

"ಒಪ್ಕೊಂಡ್ರೆ ವರ್ಷ ಉಳೀಬಹುದು. ನಕಲು ಹೊಡೆದವಳು ಅನ್ನೋ ಹೆಸರೂ ಉಳಿಯುತ್ತೆ. ಮುಂದೆ ಓದೋಕೆ ಹೋದ್ರೂ ಅದೇ, ಕೆಲಸ ಕೇಳೋಕೆ ಹೋದ್ರೂ ಅದೇ."

"ಯಂತ್ರ ಸುಳ್ಳು ಹೇಳುತ್ತೇನೇ?"

"ನಿಮ್ಮ ಹೊಲಿಗೆ ಯಂತ್ರಕ್ಕೆ ಬಟ್ಟೆ ಯಾವುದು, ಬೆರಳು ಯಾವುದು ಗೊತ್ತಾ? ಕಣ್ಣಿಟ್ಟು ನೋಡಬೇಕಾದವರು ಮನುಷ್ಯರು."

ತಾಯಿ ತನ್ನ ಕೈ ನೋಡಿಕೊಂಡಳು. ಸೂಜಿ ಚುಚ್ಚಿದ ಕಲೆ ಅವಳ ತೋರುಬೆರಳಲ್ಲೇ ಇತ್ತು.

ಮೂವರೂ ಸೇರಿ ಅರ್ಜಿ ಬರೆದರು: ರೆಕಾರ್ಡಿಂಗ್ ತೋರಿಸಿ, ಅಧ್ಯಾಪಕರೊಬ್ಬರು ನೋಡಿ ತೀರ್ಮಾನಿಸಲಿ. ತಾಯಿ ಮಗಳು ಕಾಲೇಜಿಗೆ ಒಯ್ದು ಕೊಟ್ಟರೆ, ಪರೀಕ್ಷಾ ವಿಭಾಗದ ಅಧಿಕಾರಿ ಅದನ್ನು ಪಕ್ಕಕ್ಕೆ ಸರಿಸಿ, ಅಚ್ಚಾಗಿದ್ದ ತಪ್ಪೊಪ್ಪಿಗೆಯನ್ನು ಮುಂದಿಟ್ಟರು.

"ಎಲ್ಲರದ್ದೂ ನೋಡ್ತಾ ಕೂತ್ರೆ ಆಗುತ್ತೇನಮ್ಮ? ಮಗಳ ಕೈಲಿ ಸಹಿ ಹಾಕ್ಸಿ, ಕೆಳಗೆ ನೀವೂ ಹಾಕಿ."

ಓದುವವರೇ, ಈ ಕಾಗದ ನಾಳೆ ನಿಮ್ಮ ಮುಂದೂ ಬಂದೀತು. ಪರೀಕ್ಷೆಗೆ ಮೊದಲೇ ಕೋಣೆಯನ್ನೆಲ್ಲ ಕ್ಯಾಮೆರಾಗೆ ತೋರಿಸಿ. ಕನ್ನಡಿ, ಮುಖವಿರುವ ಚಿತ್ರಗಳನ್ನು ಮುಚ್ಚಿ. ಆದರೂ ಆರೋಪ ಬಂದರೆ, ಕಂಡದ್ದೇನೆಂದು ಬರಹದಲ್ಲೇ ಕೇಳಿ. ಕೇಳುವುದು ಉದ್ಧಟತನವಲ್ಲ. ಮಾಡದ ತಪ್ಪನ್ನು ಹೆದರಿ ಒಪ್ಪಬೇಡಿ.

ಮಗಳು ತಾಯಿಯ ಮುಖ ನೋಡಿದಳು. ತಾಯಿ ಪೆನ್ನು ಮುಟ್ಟಲಿಲ್ಲ; ಕುರ್ಚಿ ಎಳೆದುಕೊಂಡು ಕೂತಳು.

"ಇವಳೂ ಹಾಕಲ್ಲ, ನಾನೂ ಹಾಕಲ್ಲ ಸಾರ್. ಮೊದಲು ರೆಕಾರ್ಡಿಂಗ್ ತೋರಿಸಿ."