ಹೊರಡುವಾಗಿನ ‘ಬರ್ತೀನಿ’

ಮಧ್ಯಾಹ್ನ 1.10. ಭದ್ರಾವತಿಯ ಮನೆಯಲ್ಲಿ ಫೋನ್ ರಿಂಗಾಯಿತು. ಗುರುವಾರಕ್ಕೊಂದರಂತೆ ಇದು ಆರನೆಯ ಕರೆ, ಉಳಿದದ್ದು ಎರಡೇ. 2003ರ ಜುಲೈ.

ಅಕ್ಷರಾಗೆ ನಾಲ್ಕು ವರ್ಷ, ಆಟಿಸಂ, ಇನ್ನೂ ಒಂದು ಮಾತೂ ಬಂದಿರಲಿಲ್ಲ. ಬಸ್ಸು ಹತ್ತಿಸಿದರೆ ಇಳಿಯುವವರೆಗೂ ಚೀರುತ್ತಿದ್ದಳು. ಆದ್ದರಿಂದ ಶಿವಮೊಗ್ಗದ ರಾಗಿಗುಡ್ಡದ ಹತ್ತಿರದ ಒಂದು ಕೇಂದ್ರದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದ ಲಿಖಿತಾ, ತಾಯಿ ಶಾಂಭವಿಗೇ ಫೋನಿನಲ್ಲಿ ಪಾಠ ಹೇಳುತ್ತಿದ್ದಳು. ಎಂಟು ಕರೆಗಳೊಳಗೆ ಮಗು ಒಂದು ಮಾತಾಡಿದರೂ ಪಾಠ ಮುಂದುವರಿಯುತ್ತದೆ. ಇಲ್ಲದಿದ್ದರೆ ಆ ಹೊತ್ತು ಕಾದಿರುವ ಬೇರೆ ಮಗುವಿಗೆ. ಅದು ಕೇಂದ್ರದ ನಿಯಮ.

ಪರದೆಯ ಹಿಂದೆ ನಿಂತು ‘ಬರ್ತೀನಿ, ಬರ್ತೀನಿ’ ಅನ್ನಬೇಕು. ಮನಸ್ಸಿನಲ್ಲಿ ಹತ್ತು ಎಣಿಸಬೇಕು. ಮಗು ಇತ್ತ ನೋಡಿದರೆ, ಸದ್ದು ಮಾಡಿದರೆ, ‘ಬಂದೆ’ ಎಂದು ಹೊರಬರಬೇಕು. ಪಾಠ ಇಷ್ಟೇ. ಅಕ್ಷರಾ ಮೊದಲ ‘ಬರ್ತೀನಿ’ಗೇ ನೆಲಕ್ಕೆ ಬಿದ್ದು ಚೀರುತ್ತಿದ್ದಳು. ಐದು ವಾರವೂ ಹೀಗೇ. ಲಿಖಿತಾ ‘ದನಿ ತಗ್ಗಿಸಿ’ ಎಂದಳು, ‘ಪರದೆ ಬದಲಿಸಿ’ ಎಂದಳು, ಈಗ ‘ನಿಜವಾಗಿ ಹತ್ತು ಎಣಿಸುತ್ತೀರಾ’ ಎಂದು ಮತ್ತೆ ಕೇಳಿದಳು.

“ಅಕ್ಕಿ ತೊಳೆಯುವಾಗಲೂ ಹತ್ತು ಎಣಿಸ್ತಿದೀನಿ ಮೇಡಂ. ಒಂದ್ಸಲ ಬಂದು ನೋಡಿ, ಇಲ್ಲಾ ನನ್ನ ಮಾತು ನಂಬಿ.”

ಅಷ್ಟರಲ್ಲಿ ಗಂಡ ರೇಣುಕಾಪ್ರಸಾದ್ ಎರಡನೇ ಶಿಫ್ಟಿಗೆ ಹೊರಟ. ಚಪ್ಪಲಿ ಮೆಟ್ಟಿ ಎಂದಿನಂತೆ ‘ಬರ್ತೀನಿ’ ಅಂದ. ಬಾಗಿಲು ಮುಚ್ಚಿತು. ಅಕ್ಷರಾ ಚೀರಿದಳು. ಫೋನಿನಲ್ಲಿ ಲಿಖಿತಾಗೆ ಮೂರೂ ಕೇಳಿಸಿದವು.

ಯಾರು, ಎಲ್ಲಿಗೆ ಹೋದರು ಎಂದು ಕೇಳಿದಳು. ಶಾಂಭವಿ ಹೇಳಿದಳು.

“ಅವಳ ಪಾಲಿಗೆ ಬರ್ತೀನಿ ಅಂದ್ರೆ ಹೋಗೋದು,” ಎಂದಳು ಲಿಖಿತಾ. “ತಪ್ಪು ನಂದು. ನಾನೂ ದಿನಾ ಹಾಗೇ ಹೇಳಿ ಮನೆ ಬಿಡ್ತೀನಿ.”

ಪರದೆಯ ಆಟ ನಿಲ್ಲಿಸಿ, ಒಂದು ವಾರ ಹೊರಡುವವರೆಲ್ಲ ‘ಹೋಗ್ತೀನಿ’ ಎನ್ನಬೇಕೆಂದಳು. ಐದು ವಾರ ಹೆಣಗಿದ ಮಾತನ್ನೇ ಬಿಡಬೇಕೆಂದಾಗ ಶಾಂಭವಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಹೊಸ್ತಿಲು ದಾಟುವವರು ಹೋಗ್ತೀನಿ ಅಂದರೆ ಅಪಶಕುನ, ಈ ಮನೆಯಲ್ಲಿ ಅದು ನಡೆಯದು ಎಂದರು ಅತ್ತೆ ಶಂಕರಮ್ಮ. ರೇಣುಕಾಪ್ರಸಾದ್ ದಿನವೂ ‘ಹೋಗ್ತೀನಿ’ ಅಂದ. ಅಡುಗೆಮನೆಯಿಂದ ಅವರು ದಿನವೂ ‘ಹೋಗಿ ಬರ್ತೀನಿ ಅನ್ನು’ ಎಂದು ತಿದ್ದಿದರು. ಆ ‘ಬರ್ತೀನಿ’ ಕಿವಿಗೆ ಬಿದ್ದು ಅಕ್ಷರಾ ದಿನವೂ ಚೀರಿದಳು.

ಬುಧವಾರ ಶಂಕರಮ್ಮ ಆಯನೂರಿನ ತಂಗಿಯ ಮನೆಗೆ ಹೊರಟರು. ಬಾಗಿಲಲ್ಲಿ ನಿಂತು ‘ಬರ್ತೀನಿ ಕಣೇ’ ಅಂದರು. ಅಕ್ಷರಾ ಚೀರುತ್ತ ಅವರ ಬ್ಯಾಗಿಗೆ ಜೋತುಬಿದ್ದಳು. ಎಳೆದರು, ಬಿಡಲಿಲ್ಲ. ಬಸ್ಸಿಗೆ ಹತ್ತು ನಿಮಿಷವಿತ್ತು.

“ಹೋಗ್ತೀನಿ ಮಾರಾಯ್ತಿ, ಹೋಗ್ತೀನಿ. ಸಾಕಾ?”

ಚೀರಾಟ ನಿಂತಿತು. ಅಕ್ಷರಾ ಬ್ಯಾಗು ಬಿಟ್ಟು, ತನ್ನ ಚಪ್ಪಲಿ ತಂದು ಅಜ್ಜಿಯ ಕಾಲ ಬಳಿ ಇಟ್ಟಳು. ಏನೋ ಹೇಳಹೊರಟ ಅತ್ತೆಯ ಕೈ ಅದುಮಿ ಹಿಡಿದು ಶಾಂಭವಿ ಎಣಿಸತೊಡಗಿದಳು. ಏಳಕ್ಕೆ ಬಂದಾಗ ಮಗು ಅಂದಿತು:

“ಓಗ್ತೀನಿ.”

“ಮೊದಲನೇ ಮಾತು ಇದೇ ಆಗಬೇಕಿತ್ತಾ?” ಎಂದರು ಶಂಕರಮ್ಮ. ಕೂತು ಅವಳಿಗೆ ಚಪ್ಪಲಿ ಹಾಕಿದರು, ರಸ್ತೆ ತಿರುವಿನವರೆಗೆ ನಡೆಸಿಕೊಂಡು ಹೋಗಿ ಬಂದರು. ಬಸ್ಸು ತಪ್ಪಿತು.

ಮರುದಿನ 1.10ಕ್ಕೆ ಏಳನೆಯ ಕರೆ ಬಂತು. ಶಾಂಭವಿ ಹೇಳಿದ್ದನ್ನು ನಂಬಿ ಕೇಂದ್ರ ಇನ್ನೂ ಎಂಟು ಕರೆ ಕೊಟ್ಟಿತು.