ಕನ್ನಡಿಯಲ್ಲಿ ಸಿಕ್ಕ ಗಂಡ

ಮೂವತ್ತೈದು ವರ್ಷ ಬಸ್ಸು ಓಡಿಸಿ ನನ್ನ ಗಂಡ ಹೋದ ತಿಂಗಳು ನಿವೃತ್ತರಾದರು. "ಚಾಲಕರೊಂದಿಗೆ ಮಾತನಾಡಬೇಡಿ" ಎಂದು ಬಸ್ಸಿನಲ್ಲಿ ಬರೆದಿರುತ್ತದಲ್ಲ, ಆ ಫಲಕವನ್ನೂ ಮನೆಗೆ ತಂದಿದ್ದರೇನೋ. ಏನು ಕೇಳಿದರೂ "ಹೂಂ", ಇಲ್ಲವಾದರೆ "ಊಹೂಂ".

ಮಗಳಿಗೆ ಫೋನಿನಲ್ಲಿ ದೂರಿದೆ. "ಅಮ್ಮಾ, ನೀವಿಬ್ರೂ ಕ್ವಾಲಿಟಿ ಟೈಮ್ ಕಳೀಬೇಕು. ಟೀವಿ ಆರಿಸಿ, ಎದುರುಬದುರು ಕೂತು ಅರ್ಧ ಗಂಟೆ ಬರೀ ಮಾತಾಡಿ" ಎಂದಳು. ಹೇಳುವವರಿಗೇನು!

ಸಂಜೆ ಎರಡು ಕುರ್ಚಿ ಎದುರುಬದುರು ಹಾಕಿದೆ. ಕೆಲಸ ಕೇಳಲು ಬಂದವರ ಹಾಗೆ ಮಂಡಿಯ ಮೇಲೆ ಕೈಯಿಟ್ಟು ಕೂತರು.

"ಏನಾದ್ರೂ ಹೇಳಿ" ಎಂದೆ.

ತುಂಬ ಯೋಚಿಸಿ, "ಫ್ಯಾನ್ ಸದ್ದು ಮಾಡ್ತಿದೆ" ಎಂದರು.

ಮಿಕ್ಕ ಇಪ್ಪತ್ತೊಂಬತ್ತು ನಿಮಿಷ ಫ್ಯಾನೊಂದೇ ಮಾತಾಡಿತು. ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ಇನ್ನುಳಿದ ಆಯಸ್ಸೆಲ್ಲ ಹೀಗೆಯೇ ಆದರೆ? ಈ ಮನುಷ್ಯನಿಗೆ ನನ್ನ ಹತ್ತಿರ ಹೇಳುವಂಥದ್ದು ಏನೂ ಇಲ್ಲವೆಂದಾದರೆ?

ಮರುದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಒಗೆಯುವ ಬಟ್ಟೆಯ ಬುಟ್ಟಿ ಹೊತ್ತು ಹೊರಟಿದ್ದೆ. ಅವರು ಗೋಡೆಯ ಕನ್ನಡಿಯೆದುರು ಕುರ್ಚಿ ಹಾಕಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದರು. ನಾನು ಬೆನ್ನ ಹಿಂದೆ ಹಾದುಹೋಗುತ್ತಿದ್ದ ಹಾಗೆಯೇ ದನಿ ಬಂತು: "ಏನೇ, ಎಡಗಾಲು ಎಳೀತಿದೀಯಲ್ಲ? ಮಂಡಿ ನೋವಾ?"

ನೋಡಿದರೆ, ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದಾರೆ! ಆಗ ಹೊಳೆಯಿತು. ಇವರು ಮೂವತ್ತೈದು ವರ್ಷ ಜನರನ್ನು ನೋಡಿದ್ದು, ಕಂಡಕ್ಟರ್ ಜೊತೆ ಹರಟೆ ಹೊಡೆದದ್ದು, ಎಲ್ಲ ಬಸ್ಸಿನಲ್ಲಿ ತಲೆಯ ಮೇಲಿರುವ ಕನ್ನಡಿಯಲ್ಲೇ. ಎದುರಿಗೆ ಯಾರಾದರೂ ಬಂದರೆ ಬ್ರೇಕ್ ಹಾಕುವುದೊಂದೇ ಇವರಿಗೆ ಗೊತ್ತು.

ಬುಟ್ಟಿ ಇಳಿಸಿ, ಅವರ ಹಿಂದೆ ಕುರ್ಚಿ ಎಳೆದುಕೊಂಡು ಕೂತೆ. "ಎರಡು ವಾರದಿಂದ ನೋವು."

"ಹೇಳಬಾರದಿತ್ತಾ?"

"ಕೇಳಬಾರದಿತ್ತಾ?"

ನಕ್ಕುಬಿಟ್ಟರು. ಆಮೇಲೆ ಕಟ್ಟೆಯೊಡೆದ ಹಾಗೆ ಮಾತು. ಬೆಳಗಿನ ಮೊದಲ ಬಸ್ಸಿನಲ್ಲಿ ನಿದ್ದೆ ಹೋಗುತ್ತಿದ್ದ ನರ್ಸಮ್ಮನನ್ನು ಆಸ್ಪತ್ರೆ ಬಂದಾಗ ಹಾರ್ನ್ ಹೊಡೆದು ಎಬ್ಬಿಸುತ್ತಿದ್ದರಂತೆ. ಒಂದು ಕೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತು, ಮಾತು ನಿಲ್ಲಲಿಲ್ಲ.

"ಕೆಲಸ ಬಿಟ್ಮೇಲೆ ಹಿಂದೆ ಯಾರೂ ಇಲ್ಲ ಅನ್ಸುತ್ತೆ ಕಣೇ. ಬೆನ್ನೆಲ್ಲ ಖಾಲಿ ಖಾಲಿ" ಎಂದರು.

ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅಡುಗೆಮನೆಯಿಂದ ಹಾಲು ಸೀದ ವಾಸನೆ. ದಡಬಡಿಸಿ ಏಳಹೊರಟೆ.

"ಗಾಡಿ ನಿಲ್ಲೋವರೆಗೂ ಸೀಟಿಂದ ಏಳಬಾರ್ದು" ಎಂದರು ಕನ್ನಡಿಯೊಳಗಿಂದ.

ಸೀದರೆ ಸೀಯಲಿ ಎಂದು ಕೂತೇಬಿಟ್ಟೆ.